ಗ್ರೈಂಡರಿನ ತಪ್ಪಲ್ಲ: ಬದಿಯಡ್ಕದ ವೈಂಡಿಂಗ್ ಅಂಗಡಿಯವರ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಇವರ ಹೆಸರು ಬರೆಯುವುದಿಲ್ಲ. “ಬರೆಯಿರಿ ಟೀಚರ್, ಆದರೆ ನನ್ನ ಹೆಸರು ಬೇಡ. ಮಳೆಗಾಲದಲ್ಲಿ ಈಗಲೇ ಫೋನು ಕೆಳಗಿಡಲು ಪುರುಸೊತ್ತಿಲ್ಲ” ಎಂದಿದ್ದಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಪಂಪಿನ ಮೋಟಾರು ವೈಂಡಿಂಗ್ ಮಾಡುವ ಸಣ್ಣ ಅಂಗಡಿ ಎಂದರೆ ಸುತ್ತಿನ ತೋಟದವರಿಗೆ ಗೊತ್ತಾದೀತು.

ಆಟಿ ತಿಂಗಳು ಹಿಡಿದದ್ದೇ ತಡ, ನಮ್ಮ ಮನೆಯ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು) ಬೀಳತೊಡಗಿತು. ಎರಡು ದಿನ ಸುಮ್ಮನಿರುತ್ತದೆ, ಮೂರನೆಯ ದಿನ ಒಂದೇ ಸಂಜೆ ಮೂರು ಸಲ. ಪತ್ರೊಡೆಗೆ ಅಕ್ಕಿ ಅರೆಯಲು ಹಾಕಿದರೆ ಟಪ್, ಮನೆಯೆಲ್ಲ ಕತ್ತಲೆ. ನಮ್ಮವರು ಗ್ರೈಂಡರಿನದ್ದೇ ತಪ್ಪೆಂದು ತೀರ್ಪು ಕೊಟ್ಟು ಅದನ್ನು ಆಟೋದಲ್ಲಿ ಹೇರಿಕೊಂಡು ರಿಪೇರಿಗೆ ಹೋದರು. ಅಲ್ಲಿ ಏನೂ ತೊಂದರೆಯಿಲ್ಲವೆಂದು ಹೇಳಿ 200 ರೂಪಾಯಿ ತೆಗೆದುಕೊಂಡರು. ಗ್ರೈಂಡರು ಪೇಟೆಯಲ್ಲಿದ್ದ ದಿನವೇ ಇಸ್ತ್ರಿಪೆಟ್ಟಿಗೆ ಹಾಕಿದಾಗ ಮತ್ತೆ ಬಿತ್ತು.

ಮೊದಲು ಬಂದ ವಯರಿಂಗಿನವ ಇಎಲ್‌ಸಿಬಿಯೇ ಹಾಳೆಂದು ಹೊಸದು ಕೂರಿಸಿದ. ನಾಲ್ಕನೆಯ ದಿನ ಹೊಸದೂ ಬಿತ್ತು. ಎರಡನೆಯವ ಹಟ್ಟಿಯ ಲೈನಿನ ಎಂಸಿಬಿ (ಆ ಒಂದು ಲೈನಿಗಷ್ಟೇ ಇರುವ ಸ್ವಿಚ್ಚು) ಇಳಿಸಿ ನೋಡಿದ. ಆಮೇಲೂ ಬಿದ್ದದ್ದರಿಂದ “ಹಟ್ಟಿಯದ್ದಲ್ಲ” ಎಂದ. ಕೊನೆಗೆ “ಇಎಲ್‌ಸಿಬಿ ತಪ್ಪಿಸಿ ನೇರ ಕೊಟ್ಟುಬಿಡುತ್ತೇನೆ, ಆರಾಮ” ಎಂದ. ಆರಾಮ ಅವನಿಗೆ. ಸದಾ ಒದ್ದೆಯಿರುವ ಹಟ್ಟಿಗೆ ಬರಿಗಾಲಲ್ಲಿ ಹಾಲು ಕರೆಯಲು ಹೋಗುವವಳು ನಾನು. ಚಹಾ ಕೊಟ್ಟು ಕಳುಹಿಸಿದೆ.

ವೈಂಡಿಂಗ್ ಅಂಗಡಿಯವರು ಹೇಳಿದ ದಿನಕ್ಕಿಂತ ಮೂರು ದಿನ ತಡವಾಗಿ ಬಂದರು. ಆದರೆ ಅಷ್ಟರೊಳಗೆ ಫೋನಿನಲ್ಲೇ ನನಗೊಂದು ಕೆಲಸ ಹಚ್ಚಿದ್ದರು: ಬಿದ್ದಾಗಲೆಲ್ಲ ದಿನ, ಗಂಟೆ, ಆಗ ಏನೆಲ್ಲ ಓಡುತ್ತಿತ್ತು, ಮಳೆ ಇತ್ತೋ ಇಲ್ಲವೋ ಬರೆದಿಡಬೇಕು. 31 ವರ್ಷ ಹಾಜರಿ ಪುಸ್ತಕ ಬರೆದವಳಿಗೆ ಇದೇನು ಮಹಾ! 9 ದಿನದಲ್ಲಿ 11 ಸಲ ಬಿದ್ದಿತ್ತು. ಅದರಲ್ಲಿ 9 ಸಲ ಪಂಪೋ ಗ್ರೈಂಡರೋ ಇಸ್ತ್ರಿಪೆಟ್ಟಿಗೆಯೋ ಚಾಲೂ ಇತ್ತು. ಮಳೆ ಬಿಟ್ಟ ಎರಡು ದಿನ ಒಮ್ಮೆಯೂ ಇಲ್ಲ. ಚಾವಡಿಯಲ್ಲಿ ಕುಳಿತು ಅಷ್ಟನ್ನೂ ಓದಿ, ಚೀಲ ಬಿಚ್ಚುವ ಮೊದಲೇ ಅವರೆಂದರು: “ಸಾಮಾನು ಯಾವುದೂ ಹಾಳಾಗಿಲ್ಲ ಟೀಚರ್. ಹೊರಗೆ ಎಲ್ಲೋ ನ್ಯೂಟ್ರಲ್ ಅರ್ತಿಗೆ ತಾಗುತ್ತಿದೆ.”

ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲಿನಲ್ಲಿ ವಾಪಸು ಬರಬೇಕು. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕಡಿಮೆ ಬಿದ್ದರೆ ಇಎಲ್‌ಸಿಬಿ ಬೀಳಲೇಬೇಕು. 15 ದಾಟಿದರೂ ಬಿದ್ದೀತು. ನ್ಯೂಟ್ರಲ್ ಅರ್ತಿಗೆ, ಅಂದರೆ ನೆಲಕ್ಕೆ ಹೋಗುವ ಹಸುರು ವಯರಿಗೆ, ತಾಗಿದರೆ ವಾಪಸು ಬರುವುದರಲ್ಲಿ ಒಂದು ಪಾಲು ಮಣ್ಣಿನ ದಾರಿ ಹಿಡಿಯುತ್ತದೆ. ಲೋಡು ಹೆಚ್ಚಿದಷ್ಟೂ ಆ ಪಾಲು ದೊಡ್ಡದು. ಅಡಿಗೆಕೋಣೆಯ ಗ್ರೈಂಡರು ಓಡಿದಾಗ ಹಟ್ಟಿಯ ದೋಷ ಪ್ರಕಟವಾಗುವುದು ಹೀಗೆ. ಹಾಗಾದರೆ ಹಟ್ಟಿಯ ಎಂಸಿಬಿ ಇಳಿಸಿದಾಗಲೂ ಬಿದ್ದದ್ದೇಕೆ? ನಮ್ಮ ಬೋರ್ಡಿನಲ್ಲಿದ್ದಂಥ ಒಂಟಿ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ವಯರು ಹಟ್ಟಿಯವರೆಗೂ ಹಾಗೆಯೇ ಜೋಡಿಕೊಂಡಿರುತ್ತದೆ. ಎರಡನೆಯವ ಎಡವಿದ್ದು ಇಲ್ಲಿ.

ಮೈನ್ ಆಫ್ ಮಾಡಿ, ಪ್ಲಗ್ಗುಗಳನ್ನೆಲ್ಲ ಕಳಚಿಸಿ, ಬೋರ್ಡಿನ ನ್ಯೂಟ್ರಲ್ ವಯರುಗಳನ್ನು ಒಂದೊಂದಾಗಿ ಬಿಚ್ಚಿ ನಂಬರಿನ ಚೀಟಿ ಅಂಟಿಸಿದರು. ಆಮೇಲೆ ವಯರು ಎಲ್ಲಾದರೂ ಸೋರುತ್ತದೋ ಎಂದು ಅಳೆಯುವ, ಕೈಯಲ್ಲಿ ತಿರುಗಿಸುವ ಹಳೇ ಮೆಗ್ಗರಿನಿಂದ 500 ವೋಲ್ಟ್ ಕೊಟ್ಟು ಅರ್ತಿಗೆ ಹಿಡಿದು ನೋಡುತ್ತಾ ಹೋದರು. ಒಂದು ಮೆಗಾಓಮಿಗಿಂತ ಕೆಳಗಿಳಿದರೆ ಸಂಶಯ ಪಡಬೇಕಂತೆ. ಉಳಿದ ಲೈನುಗಳಲ್ಲೆಲ್ಲ ಮುಳ್ಳು 20ರ ಆಚೆಗೇ ನಿಂತಿತು. ಹಟ್ಟಿಯದ್ದಕ್ಕೆ ಹಿಡಿದಾಗ ಸೊನ್ನೆಗೆ ಒರಗಿತು.

ಹಟ್ಟಿಯ ಮುರಕಲ್ಲಿನ ಗೋಡೆಯ ಜಂಕ್ಷನ್ ಪೆಟ್ಟಿಗೆ ತೆರೆದರೆ ಒಳಗೆ ಇರುವೆ ಕಟ್ಟಿದ ಮಣ್ಣು, ಹಿಂಡಿದರೆ ನೀರು ಬರುವಷ್ಟು ಒದ್ದೆ. ಟೇಪು ಸುತ್ತಿದ ಜಾಯಿಂಟಿನಲ್ಲಿ ಅಂಟೇ ಉಳಿದಿರಲಿಲ್ಲ. ನ್ಯೂಟ್ರಲಿನ ಕಪ್ಪು ವಯರಿನ ತಾಮ್ರ ಅರ್ತಿನ ಹಸುರು ವಯರಿನ ಪಕ್ಕದಲ್ಲಿ ಹಾಯಾಗಿ ಮಲಗಿತ್ತು. ಅವರು ನಮ್ಮವರನ್ನು ಕರೆದು ತುಳುವಿನಲ್ಲಿ ಏನೋ ಹೇಳಿ ನಕ್ಕರು. ಗ್ರೈಂಡರಿನ ವಿಷಯವೇ ಇರಬೇಕು.

ಹಳೇ ವಯರು ತೆಗೆದು ಹೊಸದು ಎಳೆದರು. ಮುಚ್ಚಳಕ್ಕೆ ರಬ್ಬರಿರುವ ಪೆಟ್ಟಿಗೆ ಹಾಕಿದರು. ಹಟ್ಟಿಯ ಲೈನಿಗೆ ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಕೂರಿಸಿದರು. ಸಾಮಾನು, ಕೂಲಿ ಸೇರಿ 2,350 ರೂಪಾಯಿ. ಬಿಲ್ಲು ಎರಡು ಸಲ ಕೇಳಿದ ಮೇಲೆ ಸಿಕ್ಕಿತು, ಮಲಯಾಳದಲ್ಲಿ. ಇಎಲ್‌ಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂದು ನನ್ನಿಂದಲೇ ಒತ್ತಿಸಿದರು.

ದೂರು ಇಲ್ಲದಿಲ್ಲ. ಪೈಪಿಗೆಂದು ಗೋಡೆಯಲ್ಲಿ ತೋಡಿದ ತೂತಕ್ಕೆ ಸಿಮೆಂಟು ಹಚ್ಚುತ್ತೇನೆಂದವರು ಇನ್ನೂ ಬಂದಿಲ್ಲ. ಅದರಲ್ಲಿ ಈಗ ಹಲ್ಲಿ ಸಂಸಾರ ಹೂಡಿದೆ. ಅಕ್ಟೋಬರಿನಲ್ಲಿ ದೊಡ್ಡ ಗುಡುಗು ಬಂದ ಸಂಜೆ ಇಎಲ್‌ಸಿಬಿ ಒಮ್ಮೆ ಬಿದ್ದಿತ್ತು. ಎತ್ತಿದೆ, ನಿಂತಿತು. ಅದು ಬಿಟ್ಟರೆ ಆಮೇಲೆ ಇಲ್ಲ.

ಬೇಕಾದವರು ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಂಗಡಿಗೇ ಹೋಗಿ. ಆಮೇಲೆ ಹೋದರೆ ಅವರು ಯಾರದ್ದಾದರೂ ತೋಟದ ಪಂಪ್‌ಶೆಡ್ಡಿನಲ್ಲಿರುತ್ತಾರೆ. ಬಿದ್ದದ್ದರ ಲೆಕ್ಕ ಬರೆದುಕೊಂಡೇ ಹೋಗಿ, ಮೊದಲು ಕೇಳುವುದು ಅದನ್ನೇ.