ಅದೇ ಜಾಗಕ್ಕೆ 6000 ಎಂಎಎಚ್ ಬ್ಯಾಟರಿ ಹಾಕಿಕೊಡ್ತೀವಿ ಅಂದರೆ ಫೋನ್ ವಾಪಸ್ ತಗೊಳ್ಳಿ

ರಿಪೇರಿ ಟೇಬಲ್ಲಿಗೆ ಬಂದ ಫೋನಿನ ಹಿಂಬದಿ ಕವರ್ ಒಂದು ಮೂಲೆಯಲ್ಲಿ ಎದ್ದಿತ್ತು. ಗಾಜಿನ ಮೇಲೆ ಮಲಗಿಸಿ ಬೆರಳಲ್ಲಿ ಸ್ವಲ್ಪ ತಳ್ಳಿದರೆ ಬುಗುರಿಯ ಹಾಗೆ ತಿರುಗುತ್ತಿತ್ತು. ಡಿಸ್‌ಪ್ಲೇ ನಡುವೆ, ಒಳಗಿನಿಂದ ಯಾರೋ ಹೆಬ್ಬೆರಳು ಒತ್ತಿ ಹಿಡಿದಂಥ ಬಿಳಿ ಮಚ್ಚೆ. ಫೋನಿನವರ ದೂರು ಮಾತ್ರ ಬೇರೆ: "ಚಾರ್ಜ್ ನಿಲ್ತಿಲ್ಲ, ನಾಲ್ಕು ತಿಂಗಳ ಹಿಂದಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದು." ಹಾಕಿಕೊಟ್ಟ ಅಂಗಡಿಯವರು ಒರಿಜಿನಲ್‌ಗಿಂತ ಒಂದೂವರೆ ಪಟ್ಟು ಬರುತ್ತೆ ಅಂದಿದ್ದರಂತೆ.

ಬ್ಯಾಟರಿಗೆ ಹೊಟ್ಟೆ ಬಂದಿತ್ತು. ತೆಗೆದು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಲೇಬಲ್. ಆ ಮಾಡೆಲ್ಲಿಗೆ ಕಂಪನಿ ಕೊಡುವ ಬ್ಯಾಟರಿ 4000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), 3.85 ವೋಲ್ಟ್, 15.4 ವ್ಯಾಟ್-ಅವರ್ (ಒಳಗಿರುವ ಒಟ್ಟು ಶಕ್ತಿ). ಈ ಲೇಬಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ದಪ್ಪಗೆ 6000 ಎಂಎಎಚ್ ಅಂತ ಇದೆ, ಕೆಳಗೆ ಸಣ್ಣಕ್ಷರದಲ್ಲಿ 3.85 ವೋಲ್ಟ್, 15.4 ವ್ಯಾಟ್-ಅವರ್. ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ ವೋಲ್ಟ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. 6 ಗುಣಿಸು 3.85 ಅಂದರೆ 23.1 ಆಗಬೇಕಿತ್ತು. ಒರಿಜಿನಲ್ ಲೇಬಲ್ ನಕಲು ಮಾಡಿದವನು ದೊಡ್ಡ ಅಂಕಿ ಬದಲಾಯಿಸಿದ್ದಾನೆ, ಸಣ್ಣ ಅಂಕಿ ಮರೆತಿದ್ದಾನೆ. ಅಂಗಡಿ ಕೌಂಟರಿನ ಮುಂದೆ ನಿಂತೇ ಮಾಡಬಹುದಾದ ಲೆಕ್ಕ ಇದು, ಅರ್ಧ ನಿಮಿಷ ಸಾಕು.

ಎರಡನೇ ಸಾಕ್ಷಿ ತೂಕ. ಒಳ್ಳೆಯ ಫೋನ್ ಬ್ಯಾಟರಿ ಒಂದು ವ್ಯಾಟ್-ಅವರ್‌ಗೆ ಸುಮಾರು ನಾಲ್ಕು ಗ್ರಾಂ ತೂಗುತ್ತದೆ. 15.4ಕ್ಕೆ 60 ಗ್ರಾಂ ಆಸುಪಾಸು ಇರಬೇಕು, ನಿಜವಾಗಿ 6000 ಆಗಿದ್ದರೆ 90ರ ಹತ್ತಿರ. ಇದು ತಕ್ಕಡಿಯಲ್ಲಿ ತೂಗಿದ್ದು 38. ಅರ್ಧ ಎದ್ದಿದ್ದ ಸ್ಟಿಕ್ಕರಿನ ಅಡಿಯಲ್ಲಿ ಸೆಲ್ ಮೇಲೇ ಅಚ್ಚಾಗಿದ್ದ ಅಸಲಿ ಅಂಕಿ ಕಾಣುತ್ತಿತ್ತು: 3.7 ವೋಲ್ಟ್, 2500 ಎಂಎಎಚ್. ಸೆಲ್ ಚಿಕ್ಕದು, ಉಳಿದ ಜಾಗಕ್ಕೆ ಫೋಮ್ ಪಟ್ಟಿ ತುರುಕಿದ್ದಾರೆ. ಅಂದರೆ 4000 ತೆಗೆದು 2500 ಹಾಕಿಸಿಕೊಂಡು, 6000ದ ದುಡ್ಡು ಕೊಟ್ಟು ಬಂದದ್ದು.

ಈಗ 7000 ಎಂಎಎಚ್ ಫೋನುಗಳೇ ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ನಿಜ, ಸಿಲಿಕಾನ್-ಕಾರ್ಬನ್ ಅನ್ನುವ ಹೊಸ ಬಗೆಯ ಬ್ಯಾಟರಿಗಳಲ್ಲಿ ಅದೇ ಗಾತ್ರಕ್ಕೆ ಹೆಚ್ಚು ಹಿಡಿಯುತ್ತದೆ. ಆದರೆ ಅವು ಆಯಾ ಫೋನಿಗೆಂದೇ ಚಾರ್ಜಿಂಗ್ ಲೆಕ್ಕ ಹಾಕಿ ಕೂರಿಸಿದವು. ಐದು ವರ್ಷದ ಹಳೇ ಮಾಡೆಲ್ಲಿನ ಅದೇ ಗುಂಡಿಗೆ, ಅದೇ ದಪ್ಪದಲ್ಲಿ, ಕಡಿಮೆ ರೇಟಿಗೆ ಒಂದೂವರೆ ಪಟ್ಟಿನ ಬಿಡಿ ಬ್ಯಾಟರಿ ಸಿಗುವುದಿಲ್ಲ.

ಕಡಿಮೆ ಹಿಡಿಯುವ ಬ್ಯಾಟರಿ ಅಂದರೆ ದುಡ್ಡು ಹೋಯಿತು ಅಷ್ಟೇ. ಉಬ್ಬಿದ್ದೇಕೆ ಅನ್ನುವುದು ಬೇರೆ ಕಥೆ, ಹೆದರಬೇಕಾದದ್ದು ಅದಕ್ಕೆ. ಸೆಲ್ ಮೇಲಿದ್ದ 3.7 ಸರಾಸರಿ ವೋಲ್ಟೇಜ್, ತುಂಬುತ್ತಾ ಹೋದಂತೆ ಅದು ಏರುತ್ತದೆ. ಆ ಹಳೇ ನಮೂನೆಯ ಲಿಥಿಯಂ ಸೆಲ್ಲುಗಳು 4.2 ವೋಲ್ಟ್‌ಗೆ ತುಂಬಿದಂತೆ. ಇತ್ತೀಚಿನವನ್ನು 4.35, 4.4, 4.45ರವರೆಗೂ ತುಂಬುತ್ತಾರೆ, ಅದಕ್ಕೆ ತಕ್ಕ ರಸಾಯನ ಒಳಗಿರುತ್ತದೆ. ಈ ಫೋನಿನಲ್ಲಿ ಚಾರ್ಜ್ ನಿಯಂತ್ರಿಸುವ ಚಿಪ್ಪಿಗೆ (ಚಾರ್ಜಿಂಗ್ ಐಸಿ) ಗೊತ್ತಿರುವುದು 4.4 ಮಾತ್ರ. ಬ್ಯಾಟರಿ ಬದಲಾಗಿದೆ, ಒಳಗೆ 4.2ರ ಸೆಲ್ ಕೂತಿದೆ ಅಂತ ಅದಕ್ಕೆ ಹೇಳುವವರಿಲ್ಲ. ದಿನಾ ರಾತ್ರಿ 4.4ರವರೆಗೆ ತುಂಬಿದೆ. ಬರೀ 0.2 ವೋಲ್ಟ್ ಅಲ್ವಾ ಅನ್ನಿಸಬಹುದು. ಮಿತಿ ದಾಟಿದ ಮೇಲೆ ಒಳಗಿನ ಎಲೆಕ್ಟ್ರೋಲೈಟ್ ದ್ರವ ಒಡೆದು ಗ್ಯಾಸ್ ಆಗುತ್ತದೆ, ಆನೋಡ್ (ಸೆಲ್ಲಿನ ಮೈನಸ್ ಬದಿ) ಮೇಲೆ ಲಿಥಿಯಂ ಲೋಹವಾಗಿಯೇ ಕೂರತೊಡಗುತ್ತದೆ. ಗ್ಯಾಸ್ ತೆಳು ಅಲ್ಯೂಮಿನಿಯಂ ಚೀಲವನ್ನು ಉಬ್ಬಿಸುತ್ತದೆ. ಲೋಹ ಮುಳ್ಳಿನಂತೆ ಬೆಳೆದು ಪ್ಲಸ್-ಮೈನಸ್ ಬದಿಗಳ ನಡುವಿನ ಪೊರೆ ದಾಟಿದರೆ ಒಳಗೇ ಶಾರ್ಟ್. ಬೆಂಕಿ ಹತ್ತುವುದು ಆಗ.

ಇದನ್ನು ತಡೆಯಲೆಂದೇ ಬ್ಯಾಟರಿ ತಲೆಯ ಮೇಲೆ, ಟೇಪಿನ ಕೆಳಗೆ, ಬೆರಳಗಲದ ಪ್ರೊಟೆಕ್ಷನ್ ಬೋರ್ಡ್ ಇರುತ್ತದೆ. 4.2ರ ಸೆಲ್ಲಿಗೆ ಸರಿಯಾದ ಬೋರ್ಡ್ ಹಾಕಿದ್ದರೆ ಅದು 4.28 ಹತ್ತಿರವೇ ಕಡಿತ ಮಾಡುತ್ತಿತ್ತು. ಆಗ ಚಾರ್ಜ್ ಅರ್ಧಕ್ಕೆ ನಿಂತು ನಿಂತು ಬರುತ್ತದೆ, ಶೇಕಡಾ ಜಿಗಿದಾಡುತ್ತದೆ, ಆದರೆ ಸೆಲ್ ಉಳಿಯುತ್ತದೆ. ಇಲ್ಲಿ 4.4ರ ಸೆಲ್ಲಿಗೆ ಮಾಡಿದ ಬೋರ್ಡನ್ನು 4.2ರ ಸೆಲ್ಲಿಗೆ ಬೆಸೆದಿದ್ದರು. ಕಾವಲುಗಾರ ಇದ್ದಾನೆ, ಬಾಗಿಲು ಮಾತ್ರ ಬೇರೆ ಮನೆಯದು.

ಆ ಬೋರ್ಡಿನಲ್ಲಿ ಇನ್ನೊಂದು ಮೋಸವೂ ಇತ್ತು. ಬ್ಯಾಟರಿಯ ಬಿಸಿ ಅಳೆಯಲು ಥರ್ಮಿಸ್ಟರ್ ಅಂತ ಪುಟ್ಟ ಭಾಗ ಇರಬೇಕು, ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ, ಫೋನ್ ಅದನ್ನು ನೋಡಿ ಚಾರ್ಜ್ ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಅದರ ಬದಲು 10 ಕಿಲೋ-ಓಮ್‌ನ ಸಾದಾ ರೆಸಿಸ್ಟರ್ ಬೆಸೆದಿದ್ದರು. ಕೆಲವು ಪೈಸೆ ಉಳಿತಾಯ. ಸಾದಾ ರೆಸಿಸ್ಟರಿನ ರೋಧ ಬಿಸಿಗೆ ಬದಲಾಗುವುದಿಲ್ಲ, ಹಾಗಾಗಿ ಫೋನಿನ ಲೆಕ್ಕದಲ್ಲಿ ಬ್ಯಾಟರಿ ಸದಾ 25 ಡಿಗ್ರಿ, ರಾಯಚೂರಿನ ಮೇ ತಿಂಗಳಲ್ಲಿ ಬೈಕಿನ ಹ್ಯಾಂಡಲ್ ಮೇಲೆ ಬಿಸಿಲಿಗೆ ಕೂತಿದ್ದರೂ 25. ಇದನ್ನು ನೀವೇ ಪತ್ತೆ ಹಚ್ಚಬಹುದು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಬ್ಯಾಟರಿ ಮಾಹಿತಿ ಬರುತ್ತದೆ, ಇಲ್ಲದಿದ್ದರೆ ಬ್ಯಾಟರಿ ಬಿಸಿ ತೋರಿಸುವ ಯಾವುದಾದರೂ ಸರಳ ಆ್ಯಪ್ ಸಾಕು. ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಚಾರ್ಜ್ ಆದ ಮೇಲೆ ಒಮ್ಮೆ ನೋಡಿ. ಕೈಗೆ ಬಿಸಿ ತಾಗುತ್ತಿದ್ದರೂ ಅಂಕಿ ಒಂದಿಷ್ಟೂ ಅಲುಗದಿದ್ದರೆ ಆ ಬ್ಯಾಟರಿ ಬೇಡ.

ಒಳ್ಳೆಯ ಹೆಸರಿನ ಕಾರ್ಖಾನೆಯಿಂದ ಬಂದ ಬ್ಯಾಟರಿಯೂ ತಪ್ಪಬಹುದು. 2007ರ ಆಗಸ್ಟಿನಲ್ಲಿ ನೋಕಿಯಾ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟಾಗ ಊರೂರಲ್ಲಿ ಜನ ಬ್ಯಾಟರಿ ಬಿಚ್ಚಿ ಹಿಂದಿನ ನಂಬರ್ ಓದಿದ್ದು ಹಲವರಿಗೆ ನೆನಪಿರಬಹುದು. ಆಗ ನಂಬರ್ ಇತ್ತು, ಹೊಣೆ ಹೊತ್ತು ಬದಲಾಯಿಸಿಕೊಡುವವರಿದ್ದರು. ಈ 6000ದ ಲೇಬಲ್ಲಿನ ಮೇಲೆ ತಯಾರಕರ ವಿಳಾಸವೂ ಇಲ್ಲ.

ಹಾಕಿಸುವುದೇ ಆದರೆ ಮೊದಲ ಆಯ್ಕೆ ಕಂಪನಿ ಸರ್ವಿಸ್ ಸೆಂಟರ್. ಹೊರಗೆ ಹಾಕಿಸಿದರೆ ಬ್ಯಾಟರಿಯನ್ನು ಕೂರಿಸುವ ಮೊದಲು ಕೈಗೆ ಕೇಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಬ್ಯಾಟರಿ ಸುರಕ್ಷತೆಯ ಮಾನದಂಡವಾದ ಐಎಸ್ 16046 ಮತ್ತು ಆರ್ ಅಕ್ಷರದ ನಂತರ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಬರುವ ತಯಾರಕರ ಹೆಸರು ಲೇಬಲ್ಲಿನ ಹೆಸರಿಗೆ ಹೊಂದುತ್ತದಾ ನೋಡಿ. ಯಾರದ್ದೋ ನಂಬರ್ ಇನ್ಯಾರೋ ಅಚ್ಚು ಹಾಕಿಸುವುದುಂಟು, ಆದ್ದರಿಂದ ನಂಬರ್ ಇದೆ ಅನ್ನುವುದಷ್ಟೇ ಸಾಲದು. ಗರಿಷ್ಠ ಚಾರ್ಜ್ ವೋಲ್ಟೇಜ್ ಹಳೇ ಬ್ಯಾಟರಿಯ ಮೇಲೆ ಎಷ್ಟಿದೆಯೋ ಹೊಸದರ ಮೇಲೂ ಅಷ್ಟೇ ಇರಬೇಕು. ಹಳೇ ಬ್ಯಾಟರಿ ಕೇಳಿ ಪಡೆದು ಪಕ್ಕದಲ್ಲಿಟ್ಟು ಓದಿ. ಅಂಟಿನ ಬಗ್ಗೆಯೂ ಒಂದು ಮಾತು: ಎಳೆದು ತೆಗೆಯುವ ಟೇಪ್ ಇರಬೇಕಾದ ಕಡೆ ಗಟ್ಟಿ ಅಂಟು ಸುರಿದಿದ್ದರೆ ಮುಂದಿನ ಸಲ ತೆಗೆಯುವಾಗ ಬ್ಯಾಟರಿ ಬಾಗುತ್ತದೆ, ಬಾಗಿದ ಸೆಲ್ ಹೊಗೆಯಾಡಬಹುದು.

ಆಗಲೇ ಉಬ್ಬಿದ್ದರೆ? ಫೋನ್ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. "ಡೇಟಾ ತೆಗೆದುಕೊಳ್ಳುವಷ್ಟು ಹೊತ್ತು" ಅಂತಲೂ ಬೇಡ. ಎದ್ದ ಕವರನ್ನು ಒತ್ತಿ ಕೂರಿಸಲು ಹೋಗಬೇಡಿ, ಗ್ಯಾಸ್ ಬಿಡಿಸುತ್ತೇನೆಂದು ಪಿನ್ ಚುಚ್ಚುವುದಂತೂ ಬೆಂಕಿಯನ್ನು ಕರೆದಂತೆ. ಫ್ರಿಜ್ಜಿನಲ್ಲಿಡುವುದರಿಂದ ಏನೂ ಪ್ರಯೋಜನವಿಲ್ಲ, ಇಡಬೇಡಿ. ಒಣ ಮರಳು ಹಾಕಿದ ಸ್ಟೀಲ್ ಪಾತ್ರೆಯಲ್ಲಿಟ್ಟು, ಮುಚ್ಚಳ ಬಿಗಿಯದೆ, ಹಾಸಿಗೆ ಪರದೆ ಗ್ಯಾಸ್ ಸಿಲಿಂಡರ್ ಯಾವುದೂ ಹತ್ತಿರವಿಲ್ಲದ ಕಡೆ ಇಟ್ಟು, ಬೇಗ ಸರ್ವಿಸ್ ಸೆಂಟರಿಗೆ ತಲುಪಿಸಿ. ಕಸದ ಗಾಡಿಗೆ ಹಾಕಬೇಡಿ. ಕೆಲವು ಗಾಡಿಗಳೊಳಗೆ ಕಸ ಒತ್ತುವ ಯಂತ್ರ ಇರುತ್ತದೆ. ಬಳಸಿದ ಬ್ಯಾಟರಿಗಳನ್ನು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೇ ಹೊರಿಸಿವೆ.

ಬೇಸರದ ಸಂಗತಿ ಏನೆಂದರೆ, ಆ ಫೋನಿಗೆ ಮೊದಲ ಸಲ ಬ್ಯಾಟರಿ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಒರಿಜಿನಲ್ ಬ್ಯಾಟರಿ ತರಿಸಿ ಹಾಕಿದ ಮೇಲೂ ದೂರು ಹಾಗೇ ಉಳಿಯಿತು: ರಾತ್ರಿ ಮಲಗಿದ್ದಾಗ ಎಂಟು ಗಂಟೆಯಲ್ಲಿ ಚಾರ್ಜ್ 31 ಶೇಕಡಾ ಅಂಶ ಇಳಿತ. ಅದು ಇದ್ದದ್ದು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ. ಮೊದಲ ಸಿಮ್ಮಿಗೆ ಒಂದು ಕಡ್ಡಿ ಸಿಗ್ನಲ್, ಎರಡನೇ ಸಿಮ್ಮಿಗೆ ಏನೂ ಇಲ್ಲ. ಸಿಗ್ನಲ್ ಇಲ್ಲದ ಸಿಮ್ ಸುಮ್ಮನೆ ಮಲಗುವುದಿಲ್ಲ, ರಾತ್ರಿಯಿಡೀ ಬ್ಯಾಂಡ್ ಬದಲಿಸುತ್ತಾ ಟವರ್ ಹುಡುಕುತ್ತದೆ. ಜೊತೆಗೆ 5ಜಿ ಆನ್ ಇತ್ತು. ಊರಲ್ಲಿ 5ಜಿ ಇಲ್ಲ, ಫೋನ್ ನಂಬುವುದಿಲ್ಲ.

ಬ್ಯಾಟರಿ ಹೋಗಿದೆ ಅಂತ ತೀರ್ಮಾನಿಸುವ ಮೊದಲು ಎರಡು ರಾತ್ರಿ ಈ ಪರೀಕ್ಷೆ ಮಾಡಿ. ಮೊದಲ ರಾತ್ರಿ ಮಲಗುವಾಗ ಶೇಕಡಾ ಬರೆದಿಟ್ಟು, ಬೆಳಿಗ್ಗೆ ಮತ್ತೆ ಬರೆಯಿರಿ. ನೂರರಿಂದ ಶುರು ಮಾಡಬೇಡಿ, 80-90ರಿಂದ ಮಾಡಿ, ನೂರರಲ್ಲಿ ಅಂಕಿ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತದೆ. ಎರಡನೇ ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಅದೇ ಲೆಕ್ಕ. ಎರಡನೇ ರಾತ್ರಿ ಎರಡು-ಮೂರು ಅಂಶ ಮಾತ್ರ ಇಳಿದರೆ ತಿನ್ನುತ್ತಿರುವುದು ನೆಟ್‌ವರ್ಕ್. ಎರಡೂ ರಾತ್ರಿ ಒಂದೇ ಸಮ ಜೋರಾಗಿ ಇಳಿದರೆ ಯಾವುದೋ ಆ್ಯಪ್ ಎಚ್ಚರವಾಗಿದೆ, ಸೆಟ್ಟಿಂಗ್ಸ್‌ನ ಬ್ಯಾಟರಿ ಬಳಕೆ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಟರಿಯೇ ಸೋತಿದ್ದರೆ ಲಕ್ಷಣ ಬೇರೆ: 25-30 ಶೇಕಡಾ ಇರುವಾಗಲೇ, ಅದೂ ಕ್ಯಾಮೆರಾ ತೆರೆದ ಕ್ಷಣ, ಫೋನ್ ದಪ್ಪನೆ ಆಫ್. ಹಳತಾದ ಸೆಲ್ಲಿನ ಒಳರೋಧ ಹೆಚ್ಚಾಗಿ, ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುವುದರಿಂದ ಹೀಗಾಗುತ್ತದೆ. ಬದಲಾಯಿಸಬೇಕಾದ್ದು ಆಗ.

ನೆಟ್‌ವರ್ಕಿನದ್ದೇ ತಪ್ಪು ಅಂತಾದರೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದು ಸಿಗ್ನಲ್ ಬಲ ನೋಡಿ. ಅದನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ಮೈನಸ್ ಹಾಕಿ ತೋರಿಸುತ್ತದೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. 4ಜಿಯಲ್ಲಿ ಮೈನಸ್ 90 ಡಿಬಿಎಂ ಆಸುಪಾಸು ಚೆನ್ನಾಗಿದೆ, ಮೈನಸ್ 115 ದಾಟಿದರೆ ಫೋನ್ ಕೂಗಿ ಕೂಗಿ ಮಾತಾಡಬೇಕು. ಮೇಜಿನಿಂದ ಕಿಟಕಿಗೆ ಜಾಗ ಬದಲಿಸಿದರೇ ಹತ್ತು-ಹದಿನೈದು ಡಿಬಿಎಂ ಸುಧಾರಿಸುವುದುಂಟು, ಹೆಂಚಿನ ಮನೆಗಿಂತ ಆರ್‌ಸಿಸಿ ಮನೆಯಲ್ಲಿ ಈ ವ್ಯತ್ಯಾಸ ಹೆಚ್ಚು. 5ಜಿ ಬಾರದ ಕಡೆ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಳಿಸಿ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ.

ಬ್ಯಾಟರಿ ಉಳಿಸುತ್ತೇವೆ ಅನ್ನುವ ಆ್ಯಪ್‌ಗಳನ್ನು ಹಾಕಿಕೊಳ್ಳಲೇಬೇಡಿ. ಸ್ಕ್ರೀನ್ ಆಫ್ ಆದಾಗ ಆ್ಯಪ್‌ಗಳನ್ನು ಮಲಗಿಸುವ ಡೋಜ್ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಿಂದಲೇ ಫೋನಿನೊಳಗಿದೆ. ಇವು ಮಾಡುವುದು ಮಲಗಿದ್ದನ್ನು ಕೊಲ್ಲುವುದು, ಅದು ಮತ್ತೆ ಎದ್ದು ಮೊದಲಿನಿಂದ ಲೋಡ್ ಆಗುವುದು, ನಡುವೆ ಜಾಹೀರಾತು. ರೀಸೆಂಟ್ಸ್ ತೆರೆದು ಗಂಟೆಗೊಮ್ಮೆ ಎಲ್ಲವನ್ನೂ ಉಜ್ಜಿ ಹಾಕುವ ಅಭ್ಯಾಸದಿಂದಲೂ ಬಹುತೇಕ ಇದೇ ಫಲ. ಡಾರ್ಕ್ ಮೋಡ್ ಅಮೋಲೆಡ್ ಸ್ಕ್ರೀನಿಗೆ ಲಾಭ, ಎಲ್‌ಸಿಡಿಗೆ ಬರೀ ಅಲಂಕಾರ. ಇನ್ನು 80ಕ್ಕೆ ಚಾರ್ಜ್ ನಿಲ್ಲಿಸುವುದು ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದೇ ಹೊರತು ಆ ದಿನದ ಚಾರ್ಜಿಗಲ್ಲ. ಎರಡನ್ನೂ ಒಂದೇ ಅಂದುಕೊಂಡು ಮಧ್ಯಾಹ್ನವೇ ಖಾಲಿ ಮಾಡಿಕೊಂಡು ಬೈಯುವವರಿದ್ದಾರೆ.

ಆ ಫೋನಿನಲ್ಲಿ ಎರಡನೇ ಸಿಮ್ ಆಫ್ ಮಾಡಿ, 4ಜಿಗೆ ಇಳಿಸಿ ಇಟ್ಟ ರಾತ್ರಿ ಇಳಿದದ್ದು 6 ಅಂಶ. ಮಾಡುವ ಮುಂಚೆ ಆ ಎರಡನೇ ನಂಬರ್ ಯಾವುದಕ್ಕೆ ಕೊಟ್ಟಿದ್ದೀರಿ ನೋಡಿಕೊಳ್ಳಿ. ಹಲವರ ಬ್ಯಾಂಕ್ ಒಟಿಪಿ ಬರುವುದು ಅದಕ್ಕೇ, ಯುಪಿಐ ಆ್ಯಪ್ ಕೂಡ ಸಿಮ್ ಕಾಣದಿದ್ದರೆ ತಕರಾರು ತೆಗೆಯುತ್ತದೆ. ಪೇಟೆಗೆ ಹೋದ ದಿನ ಆನ್ ಮಾಡಿ ಒಂದು ಕಾಲ್ ಮಾಡಿ ಬನ್ನಿ. ಸತತ 90 ದಿನ ಬಳಕೆಯೇ ಇಲ್ಲದೆ ಬಿಟ್ಟರೆ ನಂಬರ್ ಕೈತಪ್ಪುವ ಸಾಧ್ಯತೆ ಇದೆ.