ಹಂಪಿಯ ಫೋಟೋ: ಓಡಾಡಿ ತೆಗೆಯೋದಾ, ಕೂತು ತೆಗೆಯೋದಾ?

ಕ್ಯಾಮೆರಾ ಹಿಡ್ಕೊಂಡು ಹಂಪಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಮೂರೂ ಸಲ ಅಕ್ಟೋಬರ್ ತಿಂಗಳೇ. ಕ್ಯಾಮೆರಾನೂ ಅದೇ. ಮೊದಲ ಸಲ ಪಟ್ಟಿ ಮಾಡ್ಕೊಂಡು ಓಡಾಡಿದೆ. ಎರಡನೇ ಸಲ ಹೆಚ್ಚುಕಮ್ಮಿ ಒಂದೇ ಗುಡ್ಡದ ಮೇಲೆ ಕೂತೆ. ಮೂರನೇ ಸಲ ಎರಡನ್ನೂ ಬೆರೆಸಿದೆ. ಯಾವುದರಿಂದ ಏನು ಸಿಕ್ಕಿತು, ಏನು ತಪ್ಪಿತು ಅಂತ ಹೇಳುತ್ತೇನೆ.

ಮೊದಲ ಸಲ 2 ದಿನ, 11 ಜಾಗ. ಭಾವನ ಕಾರು ಇತ್ತು. ಬೆಳಗ್ಗೆ ಮಾತಂಗ ಬೆಟ್ಟ, ಆಮೇಲೆ ವಿಠ್ಠಲ ದೇವಸ್ಥಾನ, ಕಮಲ ಮಹಲ್, ಆನೆ ಲಾಯ, ಉಗ್ರ ನರಸಿಂಹ. ಸಂಜೆ ಹೇಮಕೂಟ ಗುಡ್ಡದಲ್ಲಿ 20 ನಿಮಿಷ, ಅಲ್ಲಿಂದ ಸೂರ್ಯ ಮುಳುಗುವುದನ್ನು ಹಿಡಿಯೋಕೆ ಮಾಲ್ಯವಂತ ಗುಡ್ಡಕ್ಕೆ ಓಟ. ಮರುದಿನ ಹೊಳೆ ಆಚೆ ಆನೆಗೊಂದಿ, ಅಂಜನಾದ್ರಿ. ಮನೆಗೆ ಬಂದು ನೋಡಿದರೆ 1,300ಕ್ಕೂ ಜಾಸ್ತಿ ಫೋಟೋ.

ಇಟ್ಟುಕೊಳ್ಳುವಂಥವು ಒಂಬತ್ತು ಸಿಕ್ಕವು. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ನಾನು ನಿಂತಾಗ ಮಧ್ಯಾಹ್ನ ಹನ್ನೆರಡೂವರೆ. ಬಿಸಿಲು ನೆತ್ತಿ ಮೇಲೆ. ಆಕಾಶ ಬಿಳಿ ಹಾಳೆಯ ಹಾಗೆ, ಚಕ್ರದ ಕೆಳಗೆ ಕಡುಕಪ್ಪು ನೆರಳು, ಕೆತ್ತನೆ ಎಲ್ಲಾ ಚಪ್ಪಟೆ. ತಪ್ಪು ನಾನು ಹೋದ ಹೊತ್ತಿನದು. ಹನ್ನೊಂದು ಜಾಗ ನೋಡಬೇಕು ಅಂದ್ರೆ ಏಳು ಜಾಗಕ್ಕಾದರೂ ಹೊತ್ತಲ್ಲದ ಹೊತ್ತಲ್ಲೇ ಹೋಗಬೇಕಾಗುತ್ತದೆ. ಬೆಳಕು ಚೆನ್ನಾಗಿರುವ ಹೊತ್ತು ದಿನಕ್ಕೆ ಎರಡೇ ಸಲ, ಅಲ್ವಾ?

ಆದರೂ ಆ ಓಡಾಟ ದಂಡ ಅಂತ ಹೇಳಲಾರೆ. ಊರಿನ ನಕ್ಷೆ ತಲೆಯಲ್ಲಿ ಕೂತಿದ್ದೇ ಆಗ. ವಿರೂಪಾಕ್ಷ ದೇವಸ್ಥಾನದ ದಕ್ಷಿಣಕ್ಕೆ ಹೇಮಕೂಟ ಇದೆ. ಅಲ್ಲಿಂದ ಗೋಪುರದ ಕಡೆ ನೋಡಿದರೆ ಸಂಜೆ ಸೂರ್ಯ ಎಡಗಡೆ ಇರುತ್ತಾನೆ, ಬೆಳಗ್ಗೆ ಬಲಗಡೆ. ಮಾತಂಗದ ಮೇಲಿಂದ ಪಶ್ಚಿಮಕ್ಕೆ ನೋಡಿದರೆ ಬೆಳಗಿನ ಬಿಸಿಲು ನಮ್ಮ ಬೆನ್ನಿಗೆ ಬೀಳುತ್ತದೆ, ಗೋಪುರದ ಮುಖಕ್ಕೆ ನೇರ. ಇಷ್ಟು ಗೊತ್ತಿಲ್ಲದೆ ಒಂದೇ ಕಡೆ ಕೂರುತ್ತೇನೆ ಅಂದ್ರೆ ಎಲ್ಲಿ ಕೂರಬೇಕು ಅನ್ನೋದೇ ತಿಳಿಯಲ್ಲ.

ಎರಡನೇ ಸಲ ಒಬ್ಬನೇ ಹೋದೆ. ಮೂರು ದಿನ, ಲೆನ್ಸ್ ಒಂದೇ, 35 ಎಂಎಂ. ಹೇಮಕೂಟ ಬಿಟ್ಟರೆ ವಿರೂಪಾಕ್ಷ ದೇವಸ್ಥಾನ, ಹೊಳೆ ದಂಡೆ, ಅಷ್ಟೇ. ಟ್ರೈಪಾಡ್ ಮನೆಯಲ್ಲೇ ಬಿಟ್ಟೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ಅದರ ಬದಲು ಒಂದು ಬಟ್ಟೆ ಚೀಲಕ್ಕೆ ಒಂದೂವರೆ ಕೆಜಿ ರಾಗಿ ತುಂಬಿ, ಬಾಯಿ ಹೊಲಿದು ತಂದಿದ್ದೆ. ಬಂಡೆ ಮೇಲೆ ಚೀಲ ಇಟ್ಟು ಕ್ಯಾಮೆರಾ ಒತ್ತಿದರೆ ರಾಗಿ ಸರಿದು ಗೂಡಿನ ಹಾಗೆ ಹಿಡಿದುಕೊಳ್ಳುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಕಡಿಮೆ ಇರುವ ಐಎಸ್ಒ 100ರಲ್ಲಿ, ಅರ್ಧ ಸೆಕೆಂಡ್ ಎಕ್ಸ್‌ಪೋಷರ್‌ ಕೊಟ್ಟರೂ ಚಿತ್ರ ಅಲ್ಲಾಡಿರಲಿಲ್ಲ. ಎದೆಮಟ್ಟದ ಎತ್ತರ ಬೇಕಾದರೆ ಮಾತ್ರ ಟ್ರೈಪಾಡೇ ಮೇಲು. ಹಂಪಿಯಂಥ ಬಂಡೆಗಳ ಊರಲ್ಲಿ ನನಗೆ ರಾಗಿ ಚೀಲವೇ ಸಾಕಾಯಿತು.

ಮೊದಲ ಸಂಜೆ ನಾಲ್ಕೂವರೆಗೆ ಹೇಮಕೂಟದ ಇಳಿಜಾರಿನಲ್ಲಿ ಕೂತೆ. ಮುಕ್ಕಾಲು ಗಂಟೆ ಕ್ಯಾಮೆರಾ ಹೊರಗೇ ತೆಗೆಯಲಿಲ್ಲ. ಮೇಕೆ ಕಾಯುವ ಅಜ್ಜ ಒಬ್ಬರು ಬಂದು ನಿಂತರು. "ಏನ್ ನೋಡಾಕತ್ತೀರಿ?" ಅಂದರು. "ಬಿಸಿಲು ಇಳಿಯೋದನ್ನ ಕಾಯ್ತಿದ್ದೀನಿ ಅಜ್ಜ" ಅಂದೆ. ಪಶ್ಚಿಮದ ಕಡೆ ಒಮ್ಮೆ ನೋಡಿ, "ಮೋಡ ಐತಿ. ಇವತ್ತ ಬಣ್ಣ ಬರಂಗಿಲ್ರಿ. ಮುಂಜಾನೆ ಬರ್ರಿ" ಅಂದು ಮೇಕೆಗಳ ಹಿಂದೆ ಹೋದರು. ಅವರು ಹೇಳಿದ ಹಾಗೇ ಆಯಿತು. ಅವತ್ತು ಒಂದೂ ಒಳ್ಳೆಯ ಫೋಟೋ ಸಿಗಲಿಲ್ಲ.

ಆದರೆ ಅವತ್ತೇ ನನಗೆ ಆ ನೀರು ಕಾಣಿಸಿದ್ದು. ಅಜ್ಜ ಹೋದ ಮೇಲೆ ಒಂದು ಕಂದು ನಾಯಿ ನನ್ನ ಪಕ್ಕದಲ್ಲೇ ಬಂದು ಬಂಡೆಗೆ ಬಾಯಿ ಹಾಕಿತು. ಏನು ನೆಕ್ಕುತ್ತಿದೆ ಅಂತ ನೋಡಿದರೆ ಬಂಡೆಯ ತಗ್ಗಿನಲ್ಲಿ ಹಿಂದಿನ ವಾರದ ಮಳೆ ನೀರು. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಎರಡು ಬೆರಳು ಆಳ. ನಾಯಿ ಕುಡಿದು ಹೋಯಿತು. ಅಲೆ ನಿಂತ ಮೇಲೆ ಕೆಳಗೆ ಬಗ್ಗಿದೆ. ಅಷ್ಟು ಚಿಕ್ಕ ನೀರಿನಲ್ಲಿ, ಸುಮಾರು 50 ಮೀಟರ್ ಎತ್ತರದ ಗೋಪುರ ಕಳಶದ ಸಮೇತ ಪೂರ್ತಿ ನಿಂತಿತ್ತು.

ಮರುದಿನ ಬೆಳಗ್ಗೆ ಐದೂ ಮುಕ್ಕಾಲಿಗೇ ಅಲ್ಲಿದ್ದೆ. ರಾಗಿ ಚೀಲವನ್ನು ನೀರಿನ ಅಂಚಿಗೇ ಇಟ್ಟು, ಲೆನ್ಸು ನೀರಿಗೆ ನಾಲ್ಕು ಬೆರಳು ಮೇಲೆ ಬರುವ ಹಾಗೆ ಮಾಡಿ, ಹೊಟ್ಟೆ ಮೇಲೆ ಮಲಗಿದೆ. ಮೊದಲು ಎಲ್ಲಾ ನೀಲಿ. ಆಮೇಲೆ ಗೋಪುರದ ತುದಿಗೆ ಮಾತ್ರ ಬಿಸಿಲು ತಾಗಿತು. ಒಂದೊಂದೇ ಅಂತಸ್ತು ಕೆಳಗಿಳಿಯಿತು. ಬಂಡೆ ಇನ್ನೂ ನೆರಳಲ್ಲಿತ್ತು. ನೀರಿನೊಳಗಿನ ಗೋಪುರ ಮಾತ್ರ ದೀಪ ಹಚ್ಚಿದ ಹಾಗೆ. ಆ ಹೊತ್ತಿನಲ್ಲಿ ಹದಿನಾಲ್ಕು ಫೋಟೋ ತೆಗೆದೆ. ಅದರಲ್ಲಿ ಒಂದು ಈಗ ಅಮ್ಮನ ಮನೆ ನಡುಮನೆಯಲ್ಲಿದೆ.

ಊರಿಗೆ ಬಂದ ಮೇಲೆ ಮೊದಲ ಪ್ರವಾಸದ ಹೇಮಕೂಟದ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಒಂದರ ಕೆಳಗಿನ ಮೂಲೆಯಲ್ಲಿ ಬೆಳ್ಳಗೆ ಒಂದು ಚೂರು. ಅದೇ ತಗ್ಗು, ಅದರಲ್ಲಿ ನೀರು. ಆವತ್ತು ನಾನು ಅದರಿಂದ ಮೂರು ಅಡಿ ದೂರದಲ್ಲಿ ನಿಂತಿದ್ದೆ.

ವಿರೂಪಾಕ್ಷ ದೇವಸ್ಥಾನದ ಒಳಗೂ ಹೀಗೇ ಆಯಿತು. ಹಿಂಭಾಗದ ಕತ್ತಲೆ ಕೋಣೆಯ ಗೋಡೆ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದು ಸಣ್ಣ ಕಿಂಡಿಯಿಂದ ಬೆಳಕು ಬಂದು ಮೂಡುವ ಚಿತ್ರ. ಪಿನ್‌ಹೋಲ್ ಕ್ಯಾಮೆರಾದ ಕೆಲಸವೂ ಅದೇ. ಮೊದಲ ಸಲ ಎರಡು ನಿಮಿಷ ನಿಂತಾಗ ಬೂದು ಕಲೆ ಥರ ಕಂಡಿತ್ತು. ಎರಡನೇ ಸಲ ಹದಿನೈದು ನಿಮಿಷ ನಿಂತೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅಂತಸ್ತುಗಳು ಬೇರೆ ಬೇರೆಯಾಗಿ ಕಾಣೋಕೆ ಶುರುವಾದವು. ಅಲ್ಲಿ ನಿಂತಿದ್ದಾಗ ಗ್ರೀನ್‌ಲಾ ನೆನಪಾದರು. 1856ರಲ್ಲಿ ಕಾಗದದ ನೆಗೆಟಿವ್ ಮೇಲೆ ಹಂಪಿಯ ಚಿತ್ರ ತೆಗೆದವರು. ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಕುಡಿಸಬೇಕಿತ್ತು. ಹನ್ನೊಂದು ಜಾಗದ ಪಟ್ಟಿ ಅವರಿಗೆ ಸಾಧ್ಯವೇ ಇರಲಿಲ್ಲ.

ಕೂತು ತೆಗೆಯುವುದರಲ್ಲೂ ಒಂದು ಕಷ್ಟ ಇದೆ. ಮೂರು ದಿನದಲ್ಲಿ ಒಂದು ಸಂಜೆ ಮೋಡಕ್ಕೆ ಹೋಯಿತು, ಒಂದು ಬೆಳಗ್ಗೆ ಜಡಿಮಳೆಗೆ. ರಜೆ ಎರಡೇ ದಿನ ಇದ್ದು, ಎರಡೂ ಹೀಗೇ ಹೋಗಿದ್ದರೆ ಬರಿಗೈಲಿ ವಾಪಸ್ ಬರುತ್ತಿದ್ದೆ. ಓಡಾಡಿದವನಿಗೆ ಕಡೇ ಪಕ್ಷ ಒಂಬತ್ತು ಸಿಕ್ಕಿದ್ದವು.

ಅದಕ್ಕೇ ಮೂರನೇ ಸಲ ಬೆರಕೆ ಮಾಡಿದ್ದು. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಹೊಸಪೇಟೆ ಸೇರುವಷ್ಟರಲ್ಲಿ ಬೆಳಗಿನ ಬೆಳಕು ಮುಗಿದಿರುತ್ತದೆ. ಆದ್ದರಿಂದ ಮೊದಲ ದಿನ ಹತ್ತರಿಂದ ಮೂರೂವರೆ ತನಕ ಬಾಡಿಗೆ ಸೈಕಲ್ ಮೇಲೆ ಸುಮ್ನೆ ಸುತ್ತಿದೆ. ಕೈಲಿ ಫೋನು ಮಾತ್ರ. ಎಲ್ಲಿ ನೀರು ನಿಂತಿದೆ, ಎಲ್ಲಿ ಭತ್ತದ ಗದ್ದೆ ಬಂಡೆಗೆ ತಾಗಿಕೊಂಡಿದೆ ಅಂತ ಗುರುತು ಮಾಡಿಕೊಂಡೆ. ಅದರಲ್ಲಿ ಎರಡೇ ಜಾಗ ಆರಿಸಿದೆ. ಸಂಜೆ ಒಂದು, ಬೆಳಗ್ಗೆ ಒಂದು, ಒಂದೊಂದಕ್ಕೂ ಎರಡು ಗಂಟೆ. ಒಟ್ಟು 160 ಫೋಟೋ, ಇಟ್ಟುಕೊಂಡಿದ್ದು ಹನ್ನೊಂದು.

ಮೊದಲ ಸಲ ಹಂಪಿ ನೋಡುವವರು, ಜೊತೆಗೆ ಮಕ್ಕಳು, ಹಿರಿಯರು ಇರುವವರು ಓಡಾಡಿಯೇ ಬನ್ನಿ. ಅದು ಊರು ನೋಡುವ ಪ್ರವಾಸ, ಫೋಟೋ ಅದರ ಜೊತೆಗೆ ಬರುತ್ತದೆ. ಎರಡು ದಿನದ ರಜೆಯಲ್ಲಿ ಫೋಟೋಗೆಂದೇ ಹೋಗುವವರಿಗೆ ಮೂರನೆಯದೇ ಸರಿ ಅಂತ ನನ್ನ ಅನಿಸಿಕೆ. ಬೆಳಗಿನ ಕತ್ತಲಲ್ಲಿ ಮಾತಂಗ ಹತ್ತುವುದಾದರೆ ಒಬ್ಬರೇ ಹೋಗಬೇಡಿ, ಮೆಟ್ಟಿಲು ಒರಟು.

ನನ್ನ ಮಟ್ಟಿಗೆ ಎರಡನೆಯದೇ ಇಷ್ಟ. ಈ ಸಲ ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿದ್ದೇನೆ. ಆ ತಗ್ಗಿನ ನೀರು ಅಷ್ಟರಲ್ಲಿ ಆರಿರುತ್ತದೆ. ರಾಗಿ ಚೀಲ ತಗೊಂಡು ಅದೇ ಬಂಡೆ ಮೇಲೆ ಕೂರುತ್ತೇನೆ.