ಜಾಹೀರಾತು, ತಿಂಗಳ ಚಂದಾ, ಸುಗ್ಗಿಯ ಹಣ: ಕಲಬುರಗಿಯ ಪಾಡ್‌ಕಾಸ್ಟ್‌ಗೆ ಒದಗಿಬಂದದ್ದು ಯಾವುದು?

ಕಲಬುರಗಿಯಲ್ಲಿ ಕುಳಿತು ಕನ್ನಡದಲ್ಲಿ ಪಾಡ್‌ಕಾಸ್ಟ್ ಶುರುಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ಒಂದು ರೆಕಾರ್ಡರ್, ಎರಡು ಕಾಲರ್ ಮೈಕ್, ಫ್ಯಾನ್ ಆರಿಸಿದ ಒಂದು ಕೋಣೆ ಇದ್ದರೆ ಸಾಕು. ಹಣ ಬೇಕಾಗುವುದು ಅದನ್ನು ನಡೆಸಿಕೊಂಡು ಹೋಗುವಾಗ. ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದ್ದರ ಬಗ್ಗೆ ಸಂಚಿಕೆ ಮಾಡಬೇಕಾದರೆ ಅಲ್ಲಿಗೆ ಹೋಗಬೇಕು, ಊರಿನವರನ್ನು ಮಾತನಾಡಿಸಬೇಕು. ಬಿದರಿ ಕಲೆಗಾರರು ಪಾತ್ರೆಯನ್ನು ಕಪ್ಪಾಗಿಸಲು ಬೀದರ್ ಕೋಟೆಯ ಮಣ್ಣನ್ನೇ ಏಕೆ ಬಳಸುತ್ತಾರೆ ಎಂದು ತಿಳಿಯಲು ಅವರ ಕಾರ್ಯಾಗಾರದಲ್ಲಿ ಅರ್ಧ ದಿನ ಕೂರಬೇಕು. ಬಸ್ಸಿನ ಖರ್ಚು, ಧ್ವನಿ ಸಂಕಲನ ಮಾಡುವ ಹುಡುಗನ ಸಂಭಾವನೆ, ಸಂಚಿಕೆಗಳನ್ನು ಇರಿಸುವ ಸರ್ವರ್‌ನ ವಾರ್ಷಿಕ ಶುಲ್ಕ, ಇವು ತಪ್ಪದೆ ಬರುವ ಲೆಕ್ಕ.

ಈ ಲೆಕ್ಕ ಸರಿದೂಗಿಸಲು ಸ್ಥಳೀಯ ಪ್ರಾಯೋಜಕರು, ವೇದಿಕೆಯೇ ಸೇರಿಸುವ, ತಂತಾನೇ ಬರುವ ಜಾಹೀರಾತು, ವಿದೇಶಿ ಸದಸ್ಯತ್ವ ತಾಣ, ಯುಪಿಐ ಆಟೋಪೇ ಮೂಲಕ ತಿಂಗಳ ಚಂದಾ, ಕೊನೆಗೆ ಬರಿಯ ಯುಪಿಐ ಐಡಿ ಎಲ್ಲವನ್ನೂ ಬಳಸಿ ನೋಡಿದ್ದೇನೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಕೇಳುಗರ ಹಣವೇ ಮೇಲು. ಅದರಲ್ಲೂ ತಿಂಗಳ ಚಂದಾಕ್ಕಿಂತ, ತೊಗರಿ ಮಾರಾಟವಾದ ಮೇಲೆ ವರ್ಷಕ್ಕೊಮ್ಮೆ ಬರುವ ಹಣ ಮೇಲು.

ಸ್ಥಳೀಯ ಪ್ರಾಯೋಜಕರ ಹಣಕ್ಕೆ ಒಂದು ದೊಡ್ಡ ಗುಣವಿದೆ: ಬೇಗ ಬರುತ್ತದೆ, ಒಬ್ಬರೇ ಕೊಡುತ್ತಾರೆ. ಕೋಚಿಂಗ್ ಕೇಂದ್ರ, ಹೊಸ ಬಡಾವಣೆಯ ನಿವೇಶನ, ಬೀಜ–ಗೊಬ್ಬರದ ಅಂಗಡಿ, ಈ ಊರಿನಲ್ಲಿ ಜಾಹೀರಾತಿಗೆ ಖರ್ಚು ಮಾಡುವವರು ಹೆಚ್ಚಾಗಿ ಇವರೇ. ಒಂದು ಕಪ್ ಚಹಾದಲ್ಲಿ ಮಾತು ಮುಗಿಯುತ್ತದೆ. ಕೇಳುಗರ ಸಂಖ್ಯೆಯನ್ನೂ ಯಾರೂ ಕೆದಕಿ ಕೇಳುವುದಿಲ್ಲ, ಪರಿಚಯದ ಮೇಲೆ ಕೊಡುತ್ತಾರೆ. ತೊಡಕು ಇರುವುದೂ ಆ ಪರಿಚಯದಲ್ಲಿಯೇ.

ತೊಗರಿಯ ನೆಟೆ ರೋಗದ ಬಗ್ಗೆ ಮಾಡಿದ ಸಂಚಿಕೆಯಲ್ಲಿ ಇದು ನನಗೆ ಸ್ಪಷ್ಟವಾಯಿತು. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಈ ರೋಗಕ್ಕೆ ಹೇಗೆ ಬಲಿಯಾಯಿತೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹೂವು–ಕಾಯಿಯಿಂದ ತುಂಬಿನಿಂತ ಗಿಡ ಕಣ್ಣೆದುರೇ ಒಣಗುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು, ನೀರು ಹರಿಯುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಆದ್ದರಿಂದ ಮದ್ದು ಬಿತ್ತನೆಗೆ ಮೊದಲೇ ಆಗಬೇಕು: ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ, ಜೋಳದಂತಹ ಬೆಳೆಯೊಂದಿಗೆ ಪರಿವರ್ತನೆ, ರೋಗ ತಡೆದುಕೊಳ್ಳುವ ತಳಿ. ಗಿಡ ಒಣಗಲು ಶುರುವಾದ ಮೇಲೆ ಎಲೆಗಳಿಗೆ ಔಷಧ ಸಿಂಪಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಸಂಚಿಕೆಯಲ್ಲಿ ಒಬ್ಬ ರೈತರು ಹೇಳಿದರು. ಆ ಸಂಚಿಕೆಗೆ ಹಣ ಕೊಡಲು ಒಪ್ಪಿದ್ದವರು ಸಿಂಪಡಣೆಯ ಔಷಧ ಮಾರುವ ಒಬ್ಬ ವ್ಯಾಪಾರಿ. ಸಿಟ್ಟು ಮಾಡಲಿಲ್ಲ, ಬಹಳ ವಿನಯದಿಂದಲೇ ಕೇಳಿದರು: ಆ ಎರಡು ಮಾತು ತೆಗೆದರೆ ಕಾರ್ಯಕ್ರಮಕ್ಕೇನು ನಷ್ಟ?

ಆ ಎರಡು ಮಾತಿಗಾಗಿಯೇ ಆ ಸಂಚಿಕೆ ಇದ್ದದ್ದು. ಮಾತು ಉಳಿಯಿತು, ಪ್ರಾಯೋಜಕರು ಹೋದರು. ನನಗೆ ಹೆಚ್ಚು ಕಳವಳ ತಂದದ್ದು ಮುಂದಿನ ಸಂಚಿಕೆಯ ಯೋಚನೆ. ಕೋಚಿಂಗ್ ಕೇಂದ್ರದವರು ಪ್ರಾಯೋಜಕರಾಗಿದ್ದರೆ ಕೋಚಿಂಗ್ ಶುಲ್ಕಕ್ಕಾಗಿ ಹೊಲ ಅಡವಿಟ್ಟ ಮನೆಯ ಕಥೆಯನ್ನು ನಾನು ಎತ್ತಿಕೊಳ್ಳುತ್ತಿದ್ದೆನೇ? ತೆಗೆಯಿರಿ ಎಂದು ಯಾರೂ ಹೇಳದೆಯೇ ಬಿಟ್ಟುಹೋಗುವ ವಿಷಯಗಳ ಲೆಕ್ಕ ಯಾವ ಖಾತೆಯಲ್ಲಿಯೂ ಬರುವುದಿಲ್ಲ. ಪ್ರಾಯೋಜಿತ ಎಂದು ಸಂಚಿಕೆಯಲ್ಲಿ ಘೋಷಿಸುವುದು ಸರಿಯಾದ ಕ್ರಮ, ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿಯೇ ಆ ನಿಯಮ ತಂದಿದೆ. ಆದರೆ ಬಿಟ್ಟುಹೋದ ವಿಷಯವನ್ನು ಯಾವ ಘೋಷಣೆಯೂ ಮರಳಿ ತರುವುದಿಲ್ಲ.

ತಂತಾನೇ ಬರುವ ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದಾಹರಣೆಗೆ ಯೂಟ್ಯೂಬ್‌ನಲ್ಲಿ 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆದ ಮೇಲೆ, ದೀರ್ಘ ವಿಡಿಯೊಗಳ ಜಾಹೀರಾತು ಹಣದಲ್ಲಿ 55 ಶೇಕಡಾ ಮಾಡುವವರಿಗೆ ಸಿಗುತ್ತದೆ. ಸಾವಿರ ವೀಕ್ಷಣೆಗೆ ಇಷ್ಟು ಎಂಬ ಲೆಕ್ಕ ಅದು, ಲಕ್ಷಗಳಲ್ಲಿ ಎಣಿಸುವವರಿಗೆ ಹೊಂದುತ್ತದೆ. ನಮ್ಮ ಕೇಳುಗರಲ್ಲಿ ಬಹಳಷ್ಟು ಜನ ಆಡಿಯೊ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಕಳುಹಿಸಿಕೊಂಡು ಕೇಳುತ್ತಾರೆ. ಆ ಕಿವಿಗಳು ಯಾವ ಎಣಿಕೆಗೂ ಸಿಗುವುದಿಲ್ಲ. ಜಾಹೀರಾತಿನ ಕಣ್ಣಿನಲ್ಲಿ ಅವರು ಇಲ್ಲವೇ ಇಲ್ಲ. ಯಾವ ಜಾಹೀರಾತು ಬರಬೇಕೆಂಬುದೂ ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ: ಖಾಸಗಿ ಸಾಲಕ್ಕೆ ಸಿಕ್ಕಿ ನಲುಗಿದ ಕುಟುಂಬದ ಸಂಚಿಕೆಯೊಂದಕ್ಕೆ ಮುನ್ನ, ಒಂದು ವೇದಿಕೆಯಲ್ಲಿ, ಮೊಬೈಲ್‌ನಲ್ಲಿ ತಕ್ಷಣ ಸಾಲ ಕೊಡುವ ಆ್ಯಪ್‌ನ ಜಾಹೀರಾತು ಬಂತು. ಅಂದೇ ಅದನ್ನು ನಿಲ್ಲಿಸಿದೆ.

ಇನ್ನು ಕೇಳುಗರ ಹಣ. ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಕೆಪಿಎಫ್ಎ ಎಂಬ ರೇಡಿಯೊ ಕೇಂದ್ರ 1949ರಲ್ಲಿ ಕೇಳುಗರ ಹಣದಿಂದಲೇ ನಡೆಯುವ ಉದ್ದೇಶದಿಂದ ಶುರುವಾಯಿತು, ಇಂದಿಗೂ ನಡೆಯುತ್ತಿದೆ. 2013ರಲ್ಲಿ ಬಂದ ಪೇಟ್ರಿಯಾನ್ ಈ ಕಲ್ಪನೆಯನ್ನು ಅಂತರ್ಜಾಲದ ತಿಂಗಳ ಸದಸ್ಯತ್ವವಾಗಿಸಿತು. ನಮ್ಮ ದೇಶದಲ್ಲಿ ನ್ಯೂಸ್‌ಲಾಂಡ್ರಿ ಎಂಬ ಸುದ್ದಿತಾಣ ಚಂದಾದಾರರ ಹಣದ ಮೇಲೆ ಸುದ್ದಿ ಮಾಡಬಹುದೆಂದು ತೋರಿಸಿದೆ.

ವಿದೇಶಿ ಸದಸ್ಯತ್ವ ತಾಣದಲ್ಲಿ ಎಲ್ಲವೂ ಅಚ್ಚುಕಟ್ಟು: ಸದಸ್ಯರ ಪಟ್ಟಿ, ಅವರಿಗೆ ಮಾತ್ರ ಸಿಗುವ ಸಂಚಿಕೆ, ತಿಂಗಳ ವರದಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಾಗದವರಿಗೆ ಇದು ಸಲೀಸು. ಆಳಂದದಲ್ಲಿ, ಚಿಂಚೋಳಿಯಲ್ಲಿ ಇರುವ ಕೇಳುಗರಿಗೆ ಅಲ್ಲ. ಅವರ ಕೈಯಲ್ಲಿರುವುದು ರುಪೇ ಡೆಬಿಟ್ ಕಾರ್ಡ್, ಬೆರಳ ತುದಿಯಲ್ಲಿರುವುದು ಯುಪಿಐ, ಆ ತಾಣ ಕೇಳುವುದು ಅಂತರರಾಷ್ಟ್ರೀಯ ಕಾರ್ಡ್. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ–ಮ್ಯಾಂಡೇಟ್ ನಿಯಮ ಜಾರಿಯಾದ ಮೇಲೆ, ಕಾರ್ಡ್‌ನಿಂದ ತಿಂಗಳು ತಿಂಗಳು ತಂತಾನೇ ಹಣ ಕಡಿತವಾಗಬೇಕಾದರೆ ಪ್ರತ್ಯೇಕ ನೋಂದಣಿ ಬೇಕು. ಶುಲ್ಕವೂ ಕಡಿಮೆಯಲ್ಲ: 2025ರ ಆಗಸ್ಟ್ ನಂತರ ಪೇಟ್ರಿಯಾನ್ ಸೇರುವ ಹೊಸಬರಿಗೆ 10 ಶೇಕಡಾ, ಅದರ ಮೇಲೆ ಪಾವತಿ ಶುಲ್ಕ, ಡಾಲರನ್ನು ರೂಪಾಯಿ ಮಾಡುವ ಶುಲ್ಕ. ಯೂಟ್ಯೂಬ್ ಸದಸ್ಯತ್ವದಲ್ಲಿ ಮಾಡುವವರ ಪಾಲು 70 ಶೇಕಡಾ.

ಹೊರದೇಶದ ಹಣ ಪಡೆಯುವವರು ಒಂದು ಕಾನೂನನ್ನು ತಿಳಿದಿರಲೇಬೇಕು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 3ನೇ ಕಲಮು, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನದ ಆಡಿಯೊ ಕಾರ್ಯಕ್ರಮ ಮಾಡುವ ಸಂಸ್ಥೆ, ಕಂಪನಿಗಳು ವಿದೇಶಿ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಾಗುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದವರ ವಿಷಯ ಬೇರೆ. ಪಾಡ್‌ಕಾಸ್ಟ್ ರಾಜಕೀಯ, ಸುದ್ದಿಯ ಕಡೆ ವಾಲುತ್ತಿದ್ದರೆ ಲೆಕ್ಕಪರಿಶೋಧಕರನ್ನು ಕೇಳದೆ ಡಾಲರ್‌ಗೆ ಬಾಗಿಲು ತೆರೆಯಬೇಡಿ. ಸೌದಿ, ಯುಎಇ, ಕತಾರ್, ಒಮಾನ್‌ನಲ್ಲಿ ದುಡಿಯುವ ಬೀದರ್, ಕಲಬುರಗಿಯವರಿಗೆ ಈಗ ಸುಲಭವಾದ ದಾರಿ ಇದೆ: ಆ ದೇಶಗಳ ಮೊಬೈಲ್ ಸಂಖ್ಯೆಯನ್ನೇ ಅನಿವಾಸಿಗಳ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಅವಕಾಶ ಸಿಕ್ಕಿತು.

ಯುಪಿಐ ಆಟೋಪೇ 2020ರಲ್ಲಿ ಬಂತು. ಕೇಳುಗರು ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಹಣ ಬರುತ್ತದೆ. 15,000 ರೂಪಾಯಿವರೆಗೆ ಮತ್ತೆ ಪಿನ್ ಬೇಡ. ಇದಕ್ಕೆ ಹಣವನ್ನು ನಡುವೆ ನಿಂತು ದಾಟಿಸುವ ಕಂಪನಿ, ಅಂದರೆ ಪಾವತಿ ಗೇಟ್‌ವೇ ಬೇಕು. ಅದು 2 ಶೇಕಡಾ ಶುಲ್ಕ, ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ ಹಿಡಿದರೆ 100 ರೂಪಾಯಿಯಲ್ಲಿ 2 ರೂಪಾಯಿ 36 ಪೈಸೆ ಹೋಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ನಿಯಮದ ಪ್ರಕಾರ ಹಣ ಕಡಿತವಾಗುವ 24 ಗಂಟೆ ಮೊದಲು ಸೂಚನೆ ಹೋಗಬೇಕು. ಆ ಸೂಚನೆ ಇಂಗ್ಲಿಷಿನಲ್ಲಿ, ಖಾತೆಯಿಂದ ಹಣ ಹೋಗಲಿದೆ ಎಂದು ಬರುತ್ತದೆ. ಸೈಬರ್ ವಂಚನೆಯ ಭಯ ಮನೆಮನೆಯಲ್ಲಿರುವ ಈ ಕಾಲದಲ್ಲಿ ಮಗ ನೋಡುತ್ತಾನೆ, ತಂದೆಯನ್ನು ಕೇಳುತ್ತಾನೆ, ಮರುಗಳಿಗೆ ರದ್ದು. ಅವರ ಎಚ್ಚರವನ್ನು ನಾನು ತಪ್ಪು ಎನ್ನಲಾರೆ.

ತಿಂಗಳ ಚಂದಾ ನಿಂತದ್ದು ಸಂಬಳದವರಲ್ಲಿ: ಶಿಕ್ಷಕರು, ಬ್ಯಾಂಕ್ ನೌಕರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಊರಿನವರು. ರೈತರ ಮನೆಯಲ್ಲಿ, ಗಂಜ್‌ನ ಹಮಾಲರ ಮನೆಯಲ್ಲಿ, ದಾಲ್ ಮಿಲ್ ಕಾರ್ಮಿಕರಲ್ಲಿ ಅದು ನಿಲ್ಲಲಿಲ್ಲ. ಅವರಿಗೆ ಮನಸ್ಸಿಲ್ಲವೆಂದಲ್ಲ. ಒಂದನೇ ತಾರೀಕು ಎಂಬುದು ಅವರ ಬದುಕಿನಲ್ಲಿ ಇಲ್ಲ. ಆಷಾಢದಲ್ಲಿ ಬೀಜ, ಗೊಬ್ಬರ, ಕೂಲಿಗೆ ಹಣ ಹೋಗುತ್ತಲೇ ಇರುತ್ತದೆ, ಖಾತೆ ಬರಿದು. ಡಿಸೆಂಬರ್ ಕೊನೆಯಿಂದ ತೊಗರಿ ಮಾರುಕಟ್ಟೆಗೆ ಬರತೊಡಗುತ್ತದೆ, ಸಂಕ್ರಾಂತಿ ದಾಟಿದ ಮೇಲೆ ಕೈಯಲ್ಲಿ ನಗದು ಕಾಣುತ್ತದೆ. ಮಠಕ್ಕೆ, ಜಾತ್ರೆಗೆ, ಉರುಸಿಗೆ, ಶರಣಬಸವೇಶ್ವರರ ದಾಸೋಹಕ್ಕೆ ಕೊಡುವ ಕೈಗಳು ಇವೇ. ಕೊಡುವ ರೂಢಿ ಗಟ್ಟಿಯಾಗಿದೆ, ಅದು ಸುಗ್ಗಿಯ ಲೆಕ್ಕದಲ್ಲಿದೆ ಅಷ್ಟೆ.

ಇದನ್ನು ಅರಿತ ಮೇಲೆ ಕೇಳುವ ಕ್ರಮವನ್ನೇ ಬದಲಾಯಿಸಿದೆವು. ಈಗ ಸಂಕ್ರಾಂತಿಯಿಂದ ಹೋಳಿ ಹುಣ್ಣಿಮೆಯವರೆಗೆ ಮಾತ್ರ, ಸಂಚಿಕೆಯ ಕೊನೆಯಲ್ಲಿ, ವರ್ಷದ ಖರ್ಚು ಇಷ್ಟು, ನಿಮ್ಮ ಕೈಲಾದಷ್ಟು ಕೊಡಿ ಎಂದು ಹೇಳುತ್ತೇವೆ. ಉಳಿದ ತಿಂಗಳುಗಳಲ್ಲಿ ಹಣದ ಮಾತೇ ಇಲ್ಲ. ವರ್ಷಕ್ಕೊಮ್ಮೆ ಕೊಟ್ಟು ಕೇಳುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಕ್ರಮವೇ. ಅವರು ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ವರ್ಷದ ಲೈಸೆನ್ಸ್ ಶುಲ್ಕ ಕಟ್ಟಿ ಬರುತ್ತಿದ್ದರು.

ಹಣ ಪಡೆಯುವ ದಾರಿ ಬರಿಯ ಯುಪಿಐ. ನೇರವಾಗಿ ಬಂದ ಹಣದಲ್ಲಿ ಯಾರ ಪಾಲೂ ಇಲ್ಲ, 100 ಕೊಟ್ಟರೆ 100 ಬರುತ್ತದೆ. ಇಲ್ಲಿ ಒಂದು ಸಣ್ಣ ವಿಷಯ ಬಹಳ ದೊಡ್ಡದು. ಕ್ಯೂಆರ್ ಚಿತ್ರ ಪಾಡ್‌ಕಾಸ್ಟ್‌ಗೆ ಕೆಲಸಕ್ಕೆ ಬರುವುದಿಲ್ಲ. ಆಡಿಯೊ ಕಡತ ವಾಟ್ಸ್‌ಆ್ಯಪ್‌ನಲ್ಲಿ ಎರಡು ಕೈ ದಾಟುವಷ್ಟರಲ್ಲಿ ಚಿತ್ರ ಹಿಂದೆಯೇ ಉಳಿದಿರುತ್ತದೆ. ಧ್ವನಿಯೊಳಗೆ ಹೇಳಿದ ಮಾತು ಮಾತ್ರ ಕಡತದ ಜೊತೆ ಊರೂರು ತಿರುಗುತ್ತದೆ. ಹಾಗಾಗಿ ಯುಪಿಐ ಐಡಿ ಬಾಯಲ್ಲಿ ಹೇಳುವಂತಿರಬೇಕು: ಚಿಕ್ಕದು, ಅಂಕಿಗಳಿಲ್ಲದ್ದು, ಒಂದೇ ಬಗೆಯಲ್ಲಿ ಬರೆಯಬಹುದಾದದ್ದು. ಸ್ವಂತ ಮೊಬೈಲ್ ಸಂಖ್ಯೆ ಅದರಲ್ಲಿ ಇರಬಾರದು, ವಿಶೇಷವಾಗಿ ಕಾರ್ಯಕ್ರಮ ನಡೆಸುವವರು ಮಹಿಳೆಯರಾಗಿದ್ದರೆ. ಐಡಿ ಹಾಕಿದೊಡನೆ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದೆ, ಕಾರ್ಯಕ್ರಮದ ಹೆಸರಲ್ಲ. ಅಲ್ಲಿ ಜನ ತಡೆದು ನಿಲ್ಲುತ್ತಾರೆ. ‘ಈ ಹೆಸರು ಕಾಣಿಸುತ್ತದೆ, ಅದು ನಾನೇ’ ಎಂದು ಸಂಚಿಕೆಯಲ್ಲಿ ಹೇಳತೊಡಗಿದ ಮೇಲೆ ಅರ್ಧಕ್ಕೆ ನಿಲ್ಲುತ್ತಿದ್ದವರು ಮುಂದುವರಿದರು.

ಹಣ ಕೊಟ್ಟವರಿಗೆ ಮಾತ್ರ ವಿಶೇಷ ಸಂಚಿಕೆ ಎಂಬ ಪದ್ಧತಿಯನ್ನು ಸದಸ್ಯತ್ವ ತಾಣದಲ್ಲಿದ್ದಾಗ ಪಾಲಿಸಿದ್ದೆ. ಈಗ ಪೂರ್ತಿ ಬಿಟ್ಟಿದ್ದೇನೆ. ನೆಟೆ ರೋಗದ ಮಾಹಿತಿ ಹಣ ಕೊಡಲಾಗದ ರೈತರಿಗೇ ಮೊದಲು ತಲುಪಬೇಕು. ಹತ್ತು ರೂಪಾಯಿ ಕಳುಹಿಸಿದ ಕಾಲೇಜು ಹುಡುಗಿ ಜೊತೆಗೆ ಬರೆದಿದ್ದಳು: ಇದು ನನ್ನ ಅಜ್ಜಿಯ ಪರವಾಗಿ, ಅವರಿಗೆ ಓದಲು ಬರುವುದಿಲ್ಲ, ಕೇಳುತ್ತಾರೆ. ಆ ಅಜ್ಜಿಗೆ ಬೀಗ ಹಾಕಿದ ಸಂಚಿಕೆಯನ್ನು ನಾನು ಮಾಡಲಾರೆ.

ಬಂದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇದೆ. ಇದು ತೆರಿಗೆ ಲೆಕ್ಕದಲ್ಲಿ ನನ್ನ ಆದಾಯ, ವರಮಾನ ವಿವರದಲ್ಲಿ ತೋರಿಸುತ್ತೇನೆ. ಕೊಟ್ಟವರಿಗೆ ದೇಣಿಗೆಯ ತೆರಿಗೆ ರಿಯಾಯಿತಿ ಇಲ್ಲ ಎಂಬುದನ್ನೂ ಮೊದಲೇ ಹೇಳುತ್ತೇನೆ. ಯುಗಾದಿಯ ಸಂಚಿಕೆಯಲ್ಲಿ ಬಂದದ್ದು, ಖರ್ಚಾದದ್ದನ್ನು ಓದಿ ಹೇಳುತ್ತೇವೆ, ಕೊಟ್ಟವರ ಹೆಸರು ಓದುವುದಿಲ್ಲ. ನೂರು ಕೊಟ್ಟವರು ಐದು ಸಾವಿರ ಕೊಟ್ಟವರ ಹೆಸರು ಕೇಳಿ ಮುಂದಿನ ವರ್ಷ ಹಿಂಜರಿಯಬಾರದು.

ಈ ದಾರಿಯ ಕೊರತೆಯೂ ದೊಡ್ಡದು. ಮಳೆ ಕೈಕೊಟ್ಟ ವರ್ಷ, ತೊಗರಿ ಬೆಲೆ ಕುಸಿದ ವರ್ಷ ನಮ್ಮ ಹಣವೂ ಕುಸಿಯುತ್ತದೆ. ಅದಕ್ಕಾಗಿ ಸಂಬಳದವರ ತಿಂಗಳ ಚಂದಾವನ್ನು ಆಟೋಪೇಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇವೆ. ಸರ್ವರ್ ಶುಲ್ಕ ಮತ್ತು ಸಂಕಲನದ ಸಂಭಾವನೆ ಅದರಿಂದ, ಪ್ರಯಾಣ ಮತ್ತು ಹೊಸ ಸಂಚಿಕೆಗಳು ಸುಗ್ಗಿಯ ಹಣದಿಂದ. ಸುಗ್ಗಿ ಸೊರಗಿದರೆ ಸಂಚಿಕೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಕಾರ್ಯಕ್ರಮ ನಿಲ್ಲುವುದಿಲ್ಲ. ಸ್ಥಳೀಯ ಪ್ರಾಯೋಜಕರಲ್ಲಿ ಪುಸ್ತಕದ ಅಂಗಡಿಯವರಿಗೆ ಮಾತ್ರ ಬಾಗಿಲು ತೆರೆದಿಟ್ಟಿದ್ದೇನೆ.

ಬೀದರ್, ಯಾದಗಿರಿ ಕಡೆ ಹೊಸದಾಗಿ ಶುರುಮಾಡುವವರು ನಮ್ಮ ತಿಂಗಳುಗಳನ್ನೇ ಹಿಡಿಯಬೇಕಿಲ್ಲ. ಬೀದರಿನಲ್ಲಿ ಸೋಯಾ ಹಣ ದಸರಾ–ದೀಪಾವಳಿಯ ಸುಮಾರಿಗೆ ಬರುತ್ತದೆ, ಕಬ್ಬಿನ ಹಣ ಕಾರ್ಖಾನೆ ಕೊಟ್ಟಾಗ. ಶಹಾಪುರ, ಸುರಪುರದ ಕಾಲುವೆ ಭಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗೆ ಬೇರೆ ಬೇರೆ ಕಾಲ. ಅಲ್ಲಿಯ ಎಪಿಎಂಸಿಯಲ್ಲಿ ಆವಕ ಯಾವ ವಾರ ಏರುತ್ತದೆಂದು ನೋಡಿ, ಅದರ ಮರುತಿಂಗಳು ಕೇಳಿ.